ಗೂಬೆಯ ತಲೆ ಮೇಲೂ ಗೂಬೆ

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಕರಿಹಲಗೆಯ ಮೇಲೆ ಅತಿ ಹೆಚ್ಚು ಸಲ ಬರೆದ ಚಿತ್ರ ಯಾವುದು ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ: ಆಹಾರ ಸರಪಳಿ. ಎಡಗಡೆ ಒಂದು ಭತ್ತದ ತೆನೆ, ಪಕ್ಕದಲ್ಲಿ ಇಲಿ, ಇಲಿಯ ಪಕ್ಕದಲ್ಲಿ ಗೂಬೆ, ನಡುನಡುವೆ ಬಾಣದ ಗುರುತು. ನಾನು ಬರೆದ ಇಲಿ ಒಂಚೂರು ಹಂದಿಮರಿಯ ಹಾಗೆ ಕಾಣುತ್ತಿತ್ತು. ಗೂಬೆ ಮಾತ್ರ ಚೆನ್ನಾಗಿ ಬರುತ್ತಿತ್ತು. ‘ಗೂಬೆಯನ್ನು ರೈತನ ಮಿತ್ರ ಎನ್ನಲು ಕಾರಣವೇನು?’ ಇದು ಎರಡು ಅಂಕದ ಪ್ರಶ್ನೆ. ಕಾರಣ ಬರೆಯದ ಹುಡುಗರಿಗೆ ಅಂಕ ಕಡಿದಿದ್ದೇನೆ, ಒಬ್ಬಿಬ್ಬರ ಕಿವಿಯನ್ನೂ ಹಿಂಡಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಬಂದು ನನ್ನ ಕಿವಿ ಹಿಂಡಬಹುದು.

ನಮ್ಮೂರು ಹೊಸಹೊಳಲು. ಪೇಟೆಯಿಂದ, ಅಂದರೆ ಕೃಷ್ಣರಾಜಪೇಟೆಯಿಂದ, ಕಾಲ್ನಡಿಗೆಯಲ್ಲೂ ಬಂದುಬಿಡಬಹುದಾದಷ್ಟು ಹತ್ತಿರ. ಹೊರಗಿನವರಿಗೆ ಊರು ಗೊತ್ತಿರುವುದು ಲಕ್ಷ್ಮೀನಾರಾಯಣ ದೇವಸ್ಥಾನದಿಂದ. ಹೊಯ್ಸಳರ ವೀರ ಸೋಮೇಶ್ವರನ ಕಾಲದ್ದು, 1250ರ ಸುಮಾರಿನದು. ಗೋಡೆಯ ಸುತ್ತ ಆರು ಸಾಲು ಪಟ್ಟಿಕೆ: ತಳದಲ್ಲಿ ಆನೆ, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಕತೆಗಳು, ಮಕರ, ಎಲ್ಲಕ್ಕಿಂತ ಮೇಲೆ ಹಂಸ. ಹಂಸಕ್ಕೆ ಇಡೀ ಒಂದು ಸಾಲನ್ನೇ ಬಿಟ್ಟುಕೊಟ್ಟಿದ್ದಾರೆ. ಚಿಕ್ಕಂದಿನಿಂದ ಆ ಗೋಡೆ ಸುತ್ತಿದವನು ನಾನು, ಒಂದು ಗೂಬೆಯನ್ನೂ ಕಂಡ ನೆನಪಿಲ್ಲ. ಉತ್ತರದವರು, ಬಂಗಾಳದವರು ಲಕ್ಷ್ಮಿಯನ್ನು ಗೂಬೆಯ ಮೇಲೆ ಕೂರಿಸುತ್ತಾರಂತೆ. ನಮ್ಮ ಕಡೆ ಗೂಬೆಯನ್ನು ಕೂರಿಸುವುದು ಬೇರೆಯವರ ತಲೆಯ ಮೇಲೆ.

ಹಳೇ ಹೆಂಚಿನ ಮನೆ ನಮ್ಮದು. ಅಟ್ಟದ ಮೂಲೆಯಲ್ಲಿ, ಗೋಡೆ ಮತ್ತು ಮಾಡಿನ ನಡುವೆ ಒಂದು ಕಿಂಡಿ. ಅದರೊಳಗೆ ಒಂದು ಜೋಡಿ ಬಿಳಿ ಗೂಬೆ ಇದ್ದವು. ಪುಸ್ತಕದಲ್ಲಿ ಇದಕ್ಕೆ ಕಣಜ ಗೂಬೆ ಎಂದು ಹೆಸರು. ಹೃದಯದ ಆಕಾರದ ಬೆಳ್ಳನೆಯ ಮುಖ, ಮೈಮೇಲೆ ಹೊಂಬಣ್ಣ. ನಮ್ಮವ್ವ ಸೊಸೆಯಾಗಿ ಈ ಮನೆಗೆ ಬಂದಾಗಲೂ ಅಲ್ಲಿ ಗೂಬೆ ಇತ್ತಂತೆ. ಇವೇ ಅಲ್ಲ, ಇವುಗಳ ಮುತ್ತಾತನೋ ಮುತ್ತಜ್ಜಿಯೋ ಇರಬೇಕು. ಗೂಬೆ ಹೊಕ್ಕ ಮನೆ ಬಿಡಬೇಕು ಅನ್ನುವ ಮಾತು ನಮ್ಮೂರಲ್ಲೂ ಉಂಟು. ಯಾರಾದರೂ ಎತ್ತಿದರೆ ಅವ್ವ, ‘ಮನೆ ಬುಟ್ಟೋದ್ರೆ ಕಣಜದ ಭತ್ತ ಯಾರ್ ನೋಡ್ಕೊಂಡಾರು, ನಿಮ್ಮಪ್ಪನಾ?’ ಅನ್ನುತ್ತಿದ್ದಳು. ಅವ್ವ ಸ್ಲೇಟು ಹಿಡಿದವಳಲ್ಲ. ಎಡವಟ್ಟು ಮಾಡಿದ್ದು ಬಿ.ಎಸ್ಸಿ., ಬಿ.ಎಡ್. ಮಾಡಿದ ನಾನು.

ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಗಿ ಕಾಫಿ ಬರುವ ಹೊತ್ತಿಗೆ ಮುಸ್ಸಂಜೆ. ಸರಿಯಾಗಿ ಆಗಲೇ ಅಟ್ಟದಿಂದ ಒಂದು ಗೂಬೆ ಈಚೆ ಬಂದು, ಗಂಟಲು ಹರಿಯುವ ಹಾಗೆ ಕಿರುಚಿ, ಅಂಗಳ ದಾಟಿ ಹೋಯಿತು. ಕಣಜ ಗೂಬೆಯ ರೆಕ್ಕೆ ಸದ್ದು ಮಾಡುವುದಿಲ್ಲ, ಬಾಯಿ ಮಾತ್ರ ಮೂರು ಬೀದಿಗೆ ಕೇಳುತ್ತದೆ. ಹುಡುಗನ ಸೋದರಮಾವ ಮೇಲಕ್ಕೆ ನೋಡಿದರು. ಕಾಫಿ ಲೋಟ ಕೆಳಗಿಟ್ಟರು. ಇಷ್ಟೇ ನಡೆದದ್ದು. ವಾರ ಕಳೆದ ಮೇಲೆ ಜಾತಕ ಕೂಡಿಬರಲಿಲ್ಲ ಎಂದು ಹೇಳಿಕಳಿಸಿದರು.

ನನಗೆ ಆ ಲೋಟ ಕೆಳಗಿಟ್ಟ ಸದ್ದು ಕಿವಿಯಿಂದ ಹೋಗಲೇ ಇಲ್ಲ. ‘ನನಗೇನು ಇದರಲ್ಲಿ ನಂಬಿಕೆ ಇಲ್ಲ, ಆದರೆ ನಾಲ್ಕು ಜನ ಬಂದುಹೋಗುವ ಮನೆ’ ಎಂದು ಹೆಂಡತಿಗೆ ಹೇಳಿದೆ. ನಂಬಿಕೆ ಇದ್ದವನಿಗಿಂತ ನಂಬಿಕೆ ಇಲ್ಲದೆ ಹೆದರುವವನು ಹೆಚ್ಚು ಅಪಾಯ. ಇದ್ದವನು ಶಾಂತಿ ಮಾಡಿಸಿ ಸುಮ್ಮನಾಗುತ್ತಾನೆ. ನಾನು ಒಂದು ರಾತ್ರಿ ಗೂಬೆಗಳೆರಡೂ ಬೇಟೆಗೆ ಹೋದದ್ದನ್ನು ನೋಡಿಕೊಂಡು, ಮರಿ ಮೊಟ್ಟೆ ಇಲ್ಲವೆಂದು ಟಾರ್ಚು ಬಿಟ್ಟು ಖಾತ್ರಿ ಮಾಡಿಕೊಂಡು, ಕಿಂಡಿಗೆ ತಂತಿ ಜಾಲರಿ ಹೊಡೆದು ಸಿಮೆಂಟು ಮೆತ್ತಿದೆ. ಬೆಳಗಿನ ಜಾವ ಅವು ಬಂದು ಜಾಲರಿ ಪರಚಿದ್ದು ಕೇಳಿಸಿತು. ಹೊದಿಕೆ ಎಳೆದುಕೊಂಡು ಮಗ್ಗುಲಾದೆ.

ಮಾರನೇ ದಿನ ಅಟ್ಟ ಗುಡಿಸಿದೆ. ಹೆಬ್ಬೆರಳು ಗಾತ್ರದ, ಕಪ್ಪಗೆ ಒಣಗಿದ ಉಂಡೆಗಳು ರಾಶಿ ಬಿದ್ದಿದ್ದವು. ಬೆಕ್ಕಿನ ಹೇಲು ಎಂದುಕೊಂಡು ಎರಡು ಮಂಕರಿ ತುಂಬಿ ತಿಪ್ಪೆಗೆ ಸುರಿದೆ. ವಿಜ್ಞಾನದ ಮೇಷ್ಟ್ರು!

ಆ ವರ್ಷ ನಾಲೆಗೆ ನೀರು ಬಿಟ್ಟದ್ದು ಹೊತ್ತು ಮೀರಿ. ನಮ್ಮ ಒಂದು ಎಕರೆ ಗದ್ದೆಯ ನಾಟಿಯೂ ತಡವಾಯಿತು. ಪೈರು ಹೊಡೆಗಟ್ಟುವ ಹೊತ್ತಿಗೆ ಶುರುವಾಯಿತು ಇಲಿ. ಇಲಿ ಗದ್ದೆ ಕೆಡಿಸುವ ರೀತಿ ನೋಡಿದವರಿಗೇ ಗೊತ್ತು. ಬದುವಿನ ಮೇಲೆ ನಿಂತವನಿಗೆ ಏನೂ ಕಾಣುವುದಿಲ್ಲ, ಅಂಚಿನ ಪೈರು ಹಸಿರಾಗಿ ನೆಟ್ಟಗೆ ನಿಂತಿರುತ್ತದೆ. ನಡುವೆ ಇಳಿದರೆ ಅಲ್ಲೊಂದು ಚಾಪೆಯಷ್ಟು, ಇಲ್ಲೊಂದು ಚಾಪೆಯಷ್ಟು ಜಾಗ ಬಟಾಬಯಲು. ದಂಟನ್ನು ಕುಡುಗೋಲಲ್ಲಿ ಕೊಯ್ದ ಹಾಗೆ ಓರೆಯಾಗಿ ಕತ್ತರಿಸಿರುತ್ತದೆ. ತಿನ್ನುವುದು ಸ್ವಲ್ಪ, ಕಡಿದು ಕೆಡವುವುದೇ ಬಹಳ. ಬದುವಿನ ಉದ್ದಕ್ಕೂ ಬಿಲ, ಬಿಲದ ಬಾಯಲ್ಲಿ ಹಸಿ ಮಣ್ಣಿನ ಗುಡ್ಡೆ. ನಮ್ಮ ಕಡೆ ಕೊಯ್ಲಾದ ಮೇಲೆ ಆ ಬಿಲಗಳನ್ನು ಅಗೆದು ಇಲಿ ಬಚ್ಚಿಟ್ಟ ತೆನೆ ಹೊರತೆಗೆಯುವವರಿದ್ದರು. ಅಷ್ಟು ಕೂಡಿಡುತ್ತದೆ ಅದು.

ಒಂದು ಜೋಡಿ ಗೂಬೆ ಓಡಿಸಿದ್ದಕ್ಕೇ ಇಷ್ಟು ಇಲಿ ಬಂತು ಎಂದರೆ ಅದು ಇನ್ನೊಂದು ಬಗೆಯ ಗೂಬೆ ಕೂರಿಸುವ ಕೆಲಸ. ಪಕ್ಕದ ಕಬ್ಬು ಕಡಿಯದೆ ನಿಂತಿತ್ತು. ನನ್ನ ಬದುಗಳು ಗಂಡಾಳು ಅಡ್ಡ ಮಲಗುವಷ್ಟು ಅಗಲ, ಅದರ ಮೇಲೆ ಮೊಣಕಾಲೆತ್ತರದ ಹುಲ್ಲು. ಬದು ಕೆತ್ತಿಸದ ಸೋಮಾರಿ ನಾನು. ಆದರೂ ಮರಿಯಿರುವ ಒಂದು ಜೋಡಿ ಕಣಜ ಗೂಬೆ ವರ್ಷಕ್ಕೆ ಸಾವಿರಕ್ಕೂ ಮೇಲೆ ಇಲಿ ಹಿಡಿಯುತ್ತದೆ ಎಂಬ ಅಂದಾಜಿದೆ. ಅದೇ ಲೆಕ್ಕವನ್ನು ನಾನೇ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ.

ಮೊದಲು ಕರಿಪುಡಿ ತಂದೆ, ಜಿಂಕ್ ಫಾಸ್ಫೈಡ್. ಇದನ್ನು ಇಡುವುದಕ್ಕೊಂದು ಕ್ರಮ ಇದೆ. ಎರಡು ದಿನ ವಿಷವಿಲ್ಲದ ನುಚ್ಚಿಗೆ ಎಣ್ಣೆ ಸವರಿ ಇಟ್ಟು ರುಚಿ ಹತ್ತಿಸಬೇಕು, ಮೂರನೇ ದಿನ 96 ಪಾಲು ನುಚ್ಚಿಗೆ 2 ಪಾಲು ಎಣ್ಣೆ, 2 ಪಾಲು ಪುಡಿ. ನನಗೆ ಆ ಎರಡು ದಿನದ ತಾಳ್ಮೆ ಇರಲಿಲ್ಲ. ಮೊದಲ ದಿನವೇ ವಿಷ ಬೆರೆಸಿಟ್ಟೆ. ನಾಲ್ಕು ಇಲಿ ಸತ್ತವು, ಮಿಕ್ಕವು ಆ ವಾಸನೆಯ ಹತ್ತಿರವೂ ಸುಳಿಯಲಿಲ್ಲ. ಆಮೇಲೆ ಪೇಟೆಗೆ ಹೋಗಿ ಬ್ರೋಮಾಡಿಯೋಲೋನ್ ಕೇಕು ತಂದೆ. ಅಂಗಡಿಯವನು, ‘ಮೇಷ್ಟ್ರೇ, ಇದು ತಿಂದ ತಕ್ಷಣ ಸಾಯಲ್ಲ, ನಾಕೈದು ದಿನ ಹಿಡೀತದೆ. ಬಿಲದೊಳಕ್ಕೇ ಇಡಿ, ಸತ್ತಿದ್ದ ಆಯ್ದು ಹೂತಾಕಿ’ ಎಂದು ಎರಡು ಸಲ ಹೇಳಿದ. ನಾನು ಹೂಂಗುಟ್ಟಿದೆ. ಪಾಠ ಮಾಡಿ ಮಾಡಿ ಇನ್ನೊಬ್ಬರ ಮಾತು ಕೇಳುವ ಅಭ್ಯಾಸವೇ ಹೋಗಿತ್ತು. ಕೇಕನ್ನು ಬಿಲಕ್ಕೂ ಹಾಕಿದೆ, ಬದುವಿನ ಮೇಲೂ ಎರಚಿದೆ, ಉಳಿದದ್ದನ್ನು ತೆಂಗಿನ ಬುಡಕ್ಕೆಸೆದು ಮನೆಗೆ ಬಂದೆ.

ಆ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಇಲಿ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ಅದಕ್ಕೆ ಮೊದಲು ಮಂಕಾಗುತ್ತದೆ, ಕಾಲು ಎಳೆಯುತ್ತದೆ, ಹಗಲು ರಾತ್ರಿಯ ಪರಿವೆಯಿಲ್ಲದೆ ಬಯಲಿಗೆ ಬಂದು ಕೂರುತ್ತದೆ. ಗೂಬೆಗೆ ಅಷ್ಟು ಸಲೀಸಾದ ಊಟ ಬೇರೆ ಇಲ್ಲ.

ಒಂದು ವಾರವಾಗಿರಬಹುದು. ಬೆಳಿಗ್ಗೆ ನೀರು ಕಟ್ಟಲು ಹೋದವನಿಗೆ ಬದುವಿನ ಕೆಳಗೆ ಯಾರೋ ಬಿಳೀ ಟವೆಲು ಬೀಳಿಸಿಕೊಂಡು ಹೋದ ಹಾಗೆ ಕಂಡಿತು. ಹತ್ತಿರ ಹೋದರೆ ಗೂಬೆ. ಒಂದು ರೆಕ್ಕೆ ಕೆಸರಿಗೆ ಅಂಟಿತ್ತು. ಕಣ್ಣು ಅರೆ ತೆರೆದಿತ್ತು. ಕೊಕ್ಕಿನ ಬುಡದಲ್ಲಿ, ಮೂಗಿನ ತೂತಿನ ಹತ್ತಿರ, ಸಾಸಿವೆ ಕಾಳಿನಷ್ಟು ರಕ್ತ. ಎತ್ತಿಕೊಂಡೆ. ಅಷ್ಟು ದೊಡ್ಡದಾಗಿ ಕಾಣುವ ಹಕ್ಕಿಗೆ ತೂಕವೇ ಇರಲಿಲ್ಲ, ಬರೀ ಪುಕ್ಕ. ಅದರ ಕಾಲು ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತು. ನಡುವಿನ ಬೆರಳಿನ ಉಗುರಿನ ಒಳಅಂಚು ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣಗೆ ಕಚ್ಚುಕಚ್ಚಾಗಿತ್ತು. ಕಣಜ ಗೂಬೆ ಅದರಲ್ಲೇ ತನ್ನ ಗರಿ ಬಾಚಿಕೊಳ್ಳುತ್ತದೆ ಎಂದು ಆಮೇಲೆ ಓದಿ ತಿಳಿದೆ. ಇಪ್ಪತ್ತೆಂಟು ವರ್ಷ ಬಳಪದಲ್ಲಿ ಬರೆದ ಗೂಬೆಗಳಿಗೆ ನಾನು ಒಂದಕ್ಕೂ ಆ ಬಾಚಣಿಗೆ ಬರೆದಿರಲಿಲ್ಲ. ತೂಬಿನ ಹತ್ತಿರ ಬರುವ ಹೊತ್ತಿಗೆ ಹಿಡಿತ ಸಡಿಲವಾಯಿತು.

ಯಾರಿಗೂ ಕಾಣದ ಹಾಗೆ ತೋಟದಲ್ಲಿ ಹೂತೆ. ಅವ್ವನಿಗೆ ಮಾತ್ರ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವ್ವ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ, ‘ಜೊತೇದು ಎಲ್ಲದೆ?’ ಅಂದಳು. ನನಗೆ ಗೊತ್ತಿರಲಿಲ್ಲ.

ಅವತ್ತು ಸಂಜೆ ಅಟ್ಟ ಹತ್ತಿದೆ. ತೊಲೆಯ ಸಂದಿಯಲ್ಲಿ ಪೊರಕೆಗೆ ಸಿಗದ ಒಂದು ಉಂಡೆ ಉಳಿದಿತ್ತು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಳೇ ಪತ್ರಿಕೆ ಹಾಸಿ, ಹೆಂಡತಿಯ ಸೂಜಿಯಲ್ಲಿ ಬಿಡಿಸುತ್ತಾ ಕೂತೆ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಅರಗದ ಕೂದಲು, ಮೂಳೆಯನ್ನು ಹೀಗೆ ಉಂಡೆ ಕಟ್ಟಿ ಬಾಯಿಂದ ಉಗುಳುತ್ತದೆ. ಬೂದುಬಣ್ಣದ ಕೂದಲಿನ ಮುದ್ದೆಯಿಂದ ಒಂದೊಂದಾಗಿ ಮೂಳೆ ಹೊರಬಂದವು. ಮೂರು ತಲೆಬುರುಡೆ. ಆರು ದವಡೆ ಎಲುಬು, ಪ್ರತಿಯೊಂದರ ತುದಿಯಲ್ಲೂ ಕಿತ್ತಳೆ ಬಣ್ಣದ ಬಾಗಿದ ಹಲ್ಲು. ಅಂಥ ಉಂಡೆ ಎರಡು ಮಂಕರಿ! ಮೂರನ್ನು ಎರಡು ಮಂಕರಿಗೆ ಗುಣಿಸಲು ಮನಸ್ಸು ಬರಲಿಲ್ಲ. ಕಾಗದ ಮಡಚಿ ಎತ್ತಿಟ್ಟೆ.

ತಪ್ಪು ಮಾಡಿದವನು ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ನಾನು ಪ್ರಾಯಶ್ಚಿತ್ತಕ್ಕೆ ಹೊರಟೆ. ಗೂಬೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಇಸ್ರೇಲಿನ ಸ್ದೆ ಎಲಿಯಾಹು ಎಂಬ ಕಿಬ್ಬುತ್ಸ್‌ನವರು, ಅಂದರೆ ಕೂಡುಬೇಸಾಯದ ಊರಿನವರು, 1983ರಲ್ಲಿ ಹೊಲಗಳಲ್ಲಿ ಕಣಜ ಗೂಬೆಗೆ ಗೂಡಿನ ಪೆಟ್ಟಿಗೆ ಇಡಲು ಶುರುಮಾಡಿದ್ದು, ಮುಂದೆ 2002ರಲ್ಲಿ ಪಕ್ಕದ ಜೋರ್ಡಾನಿನ ರೈತರೂ ಕೈಜೋಡಿಸಿದ್ದು. ಗಡಿಯಲ್ಲಿ ಬಂದೂಕು ಹಿಡಿದವರಿದ್ದರೂ ಗೂಬೆ ಎರಡೂ ಕಡೆ ಇಲಿ ಹಿಡಿಯುತ್ತದೆ. ಮಲೇಷ್ಯಾದ ತಾಳೆಎಣ್ಣೆ ತೋಟಗಳ ಪೆಟ್ಟಿಗೆಗಳು. ಆಮೇಲೆ ಸ್ಪೇನಿನ ಆಲಿವ್ ತೋಟಗಳ ಕತೆ: ಅಲ್ಲಿ ಹಕ್ಕಿಪ್ರೇಮಿಗಳ ಸಂಘವೊಂದು 2015ರಿಂದ ರೈತರ ಜೊತೆ ಸೇರಿ, ಮರಗಳ ನಡುವಿನ ಹುಲ್ಲನ್ನು ವಿಷ ಹೊಡೆದು ಸುಡದೆ ಹಾಗೇ ಉಳಿಸುತ್ತಿದೆ. ಹಳೇ ಆಲಿವ್ ಮರದ ಪೊಟರೆಯಲ್ಲಿ ಒಂದು ಪುಟ್ಟ ಗೂಬೆ ಇರುತ್ತದೆ. ನಮ್ಮ ಕಡೆಯ ಪುಟ್ಟ ಗೂಬೆ ಹಾಲಕ್ಕಿಗೆ ಅದು ಖಾಸಾ ದಾಯಾದಿ, ಇಬ್ಬರ ಕುಲದ ಹೆಸರೂ ‘ಅಥೀನ’. ಅಥೆನ್ಸಿನ ಗ್ರೀಕರು ತಮ್ಮ ಬೆಳ್ಳಿ ನಾಣ್ಯದಲ್ಲಿ ಆ ಗೂಬೆಯನ್ನೂ ಪಕ್ಕದಲ್ಲೊಂದು ಆಲಿವ್ ಚಿಗುರನ್ನೂ ಒತ್ತಿದ್ದರು. ಸ್ಪೇನಿನವರು ‘ಇನ್ನು ಎಲ್ಲರೂ ಅವರವರ ಮನೆಗೆ ಹೊರಡಿ’ ಎನ್ನುವುದಕ್ಕೆ ‘ಗೂಬೆಗಳೆಲ್ಲ ಅವುಗಳ ಆಲಿವ್ ಮರಕ್ಕೆ’ ಅನ್ನುತ್ತಾರಂತೆ.

ಇದನ್ನೆಲ್ಲ ನಾನು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಪಾಠ ಮಾಡಿದೆ. ಮಗ್ಗುಲ ಗದ್ದೆಯವನು ತಾಳ್ಮೆಯಿಂದ ಕೇಳಿ, ‘ಆಲಿವ್ ಅಂದ್ರೆ ಏನ್ ಮೇಷ್ಟ್ರೇ?’ ಅಂದ.

‘ಒಂದು ಮರ. ಕಾಯಿಂದ ಎಣ್ಣೆ ತೆಗೀತಾರೆ. ನೂರಾರು ವರ್ಷ ಬದುಕುತ್ತೆ. ದೇವರ ದೀಪಕ್ಕೂ ಆಗುತ್ತೆ.’

‘ಹಂಗಂದ್ರೆ ಹಿಪ್ಪೆ ಮರ ಅನ್ನಿ.’

ನನಗೆ ಮಾತೇ ಹೊರಡಲಿಲ್ಲ. ನಾಲೆಯ ಆಚೆ ಹಿಪ್ಪೆ ಮರಗಳಿದ್ದವು. ಹುಡುಗರಾಗಿದ್ದಾಗ ಅದರ ಹೂ ತಿನ್ನುತ್ತಿದ್ದೆವು, ಅದರ ಪೊಟರೆಗೆ ಕೈ ಹಾಕಿ ಹಾಲಕ್ಕಿಯಿಂದ ಕುಟುಕಿಸಿಕೊಂಡವನು ನಾನೇ. ಬೆಳಗಿನ ಜಾವ ಬರುವ ಬುಡಬುಡಿಕೆಯವನು ಹಾಲಕ್ಕಿ ಶುಭ ನುಡಿಯಿತು ಅಂದರೆ ಅದೇ ಮರದ ಕಡೆ ಕೈತೋರುತ್ತಿದ್ದ. ಮರಗಳು ಈಗಿಲ್ಲ. ನಮ್ಮ ಪಾಲಿಗೆ ಬಂದಿದ್ದ ಒಂದನ್ನು ನಾನೇ ಮಾರಿದ್ದೆ, ಗದ್ದೆಗೆ ನೆರಳು ಬೀಳುತ್ತದೆ ಎಂದು.

ಆದರೂ ಪೆಟ್ಟಿಗೆ ಮಾಡಿಸುವುದನ್ನು ಬಿಡಲಿಲ್ಲ. ಬಡಗಿಯಿಂದ ಎರಡು ಪೆಟ್ಟಿಗೆ ಹೊಡೆಸಿ, ಮಳೆ ತಡೆಯಲಿ ಎಂದು ತಗಡು ಹೊದಿಸಿ, ಕಬ್ಬಿಣದ ಕಂಬ ನೆಟ್ಟು, ಅದರ ಮೇಲೆ ಕೂರಿಸಿದೆ. ಬಾಯಿ ಯಾವ ಕಡೆ ಇಡಬೇಕು? ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಕಡೆ. ಅದು ಪಡುವಣ ದಿಕ್ಕು, ಮಧ್ಯಾಹ್ನದ ಬಿಸಿಲೆಲ್ಲ ನೇರ ಒಳಕ್ಕೆ. ಪರಿಚಯದ ಪತ್ರಕರ್ತರೊಬ್ಬರಿಗೆ ನಾನೇ ಫೋನು ಮಾಡಿದೆ. ಗೂಬೆಗೆ ಸೂರು ಕಟ್ಟಿದ ಮೇಷ್ಟ್ರು ಎಂದು ಬಂತು, ಫೋಟೋ ಸಮೇತ. ಫೋಟೋದಲ್ಲಿ ನಾನಿದ್ದೆ, ಕಂಬವಿತ್ತು, ಪೆಟ್ಟಿಗೆಯಿತ್ತು. ಜಾಲರಿ, ಸಿಮೆಂಟು, ಕೇಕಿನ ಸುದ್ದಿ ನಾನು ಹೇಳಿರಲಿಲ್ಲ, ಅವರು ಬರೆಯಲೂ ಇಲ್ಲ.

ಮೊದಲ ವರ್ಷ ಒಂದು ಪೆಟ್ಟಿಗೆಗೆ ಗೊರವಂಕ ಬಂದವು. ಎರಡನೇ ವರ್ಷ ಇನ್ನೊಂದರ ತುಂಬ ಕಣಜದ ಹುಳ ಗೂಡು ಕಟ್ಟಿ, ನೋಡಲು ಏಣಿ ಹತ್ತಿದ ನನ್ನ ಹುಬ್ಬಿನ ಮೇಲೆ ಕಚ್ಚಿದವು. ಮುಖ ಗೂಬೆಯ ಹಾಗೆ ಊದಿಕೊಂಡು ಮೂರು ದಿನ ಮನೆಯಲ್ಲಿದ್ದೆ. ಕಣಜ ಗೂಬೆಗೆ ಕಟ್ಟಿದ ಮನೆಗೆ ಕಣಜವೇನೋ ಬಂತು, ಗೂಬೆ ಹಿಂದೆ ಬರುತ್ತೆ ಇರಿ ಎಂದು ಟೀ ಅಂಗಡಿಯಲ್ಲಿ ನಕ್ಕರು.

ಪತ್ರಿಕೆ ನೋಡಿ ಬಂದವರು ಇಬ್ಬರೇ. ಬೈಕಿನಲ್ಲಿ ಬಂದರು, ಹೆಲ್ಮೆಟ್ಟು ತೆಗೆಯಲಿಲ್ಲ. ‘ಗೂಬೆ ಎಷ್ಟವೆ ಸಾರ್? ತೂಕ ಎಷ್ಟು ಬರ್ತದೆ? ಒಳ್ಳೆ ರೇಟು ಕೊಡೋ ಪಾರ್ಟಿ ಅದೆ’ ಅಂದರು. ಮಾಟಮಂತ್ರಕ್ಕೆ, ನಿಧಿಯ ಆಸೆಗೆ, ದೀಪಾವಳಿಯ ಬಲಿಗೆ ಗೂಬೆ ಹಿಡಿದು ಮಾರುವ ಜಾಲ ದೇಶದುದ್ದಕ್ಕೂ ಇದೆ ಎಂದು ಟ್ರಾಫಿಕ್ ಇಂಡಿಯಾ ಸಂಸ್ಥೆಯವರು 2010ರಲ್ಲೇ ವರದಿ ಮಾಡಿದ್ದಾರೆ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಗೂಬೆ ಹಿಡಿಯುವುದೂ ಮಾರುವುದೂ ಅಪರಾಧ. ಕಾಯಿದೆ ಹೇಳಿ ಗದರಿದೆ, ಅವರು ಹೋದರು. ಅವತ್ತು ರಾತ್ರಿ ಪೆಟ್ಟಿಗೆ ಖಾಲಿಯಿದ್ದದ್ದಕ್ಕೆ ಮೊದಲ ಸಲ ಸಮಾಧಾನವಾಯಿತು. ಗೂಬೆಯ ವಿಳಾಸವನ್ನು ಪೇಪರಿನಲ್ಲಿ ಹಾಕಿಸಿದವನು ನಾನೇ ತಾನೆ?

ಮಗಳ ಮದುವೆ ಬೇರೆ ಕಡೆ ಆಯಿತು. ಹೋದ ಗೌರಿಹಬ್ಬಕ್ಕೆ ಬಂದಾಗ, ಮಾತಿಗೆ ಮಾತು ಬಂದು, ಆ ಹಳೇ ಸಂಬಂಧದ ಕತೆ ಎದ್ದಿತು. ‘ಗೂಬೆ ಕಿರುಚಿದ್ದಕ್ಕಲ್ಲವೇನಮ್ಮಾ ಅದು ತಪ್ಪಿದ್ದು’ ಎಂದೆ. ಅವಳು ಒಬ್ಬಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ‘ಅಪ್ಪಾ, ಅವತ್ತು ರಾತ್ರೀನೇ ನಾನು ಆ ಹುಡುಗನಿಗೆ ಫೋನ್ ಮಾಡಿ ನಂಗೆ ಇಷ್ಟ ಇಲ್ಲ ಅಂದಿದ್ದೆ. ಪಾಪ, ಜಾತಕ ಅಂತ ಅವರೇ ಮೇಲೆ ಹಾಕಿಕೊಂಡರು.’

ಆ ರಾತ್ರಿ ಎದ್ದು ಕೂತು ಬಹಳ ಹೊತ್ತು ಯೋಚಿಸಿದೆ. ಕಿಂಡಿ ಮುಚ್ಚುವಾಗ ಇದ್ದದ್ದು ಹೆದರಿಕೆ, ಕಂಬ ನೆಡುವಾಗ ಇದ್ದದ್ದು ಉಮೇದು. ಎರಡು ಸಲವೂ ನನ್ನ ಕಣ್ಣು ರಸ್ತೆಯ ಕಡೆಗೇ ಇತ್ತು. ಯಾರು ನೋಡುತ್ತಾರೆ, ಏನನ್ನುತ್ತಾರೆ. ಬೆಳಿಗ್ಗೆ ಎದ್ದು ಉಳಿ ಸುತ್ತಿಗೆ ತಗೊಂಡು ಜಾಲರಿ ಒಡೆದೆ. ಪೆಟ್ಟಿಗೆಯನ್ನು ಇಳಿಸಿಲ್ಲ, ಗೊರವಂಕಗಳನ್ನು ಎಬ್ಬಿಸುವುದು ಯಾಕೆ ಎಂದು. ಕೇಕು ತರುವುದು ನಿಲ್ಲಿಸಿದ್ದೇನೆ. ಬದುವನ್ನು ಕಿರಿದು ಮಾಡಿ ಕೆತ್ತಿಸಿ ಬಿಲ ಅಗೆಸುತ್ತೇನೆ, ಬೋನು ಇಡುತ್ತೇನೆ. ಇಲಿ ಈಗಲೂ ಉಂಟು, ಚಾಪೆಯಗಲದ ಬಯಲು ಟವೆಲಿನಗಲಕ್ಕೆ ಬಂದಿದೆ. ಕಿಂಡಿಗೆ ಇನ್ನೂ ಯಾರೂ ಬಂದಿಲ್ಲ. ಒಂದೊಂದು ರಾತ್ರಿ ದೇವಸ್ಥಾನದ ಕಡೆಯಿಂದ ಆ ಕಿರುಚು ಕೇಳುತ್ತದೆ. ಜೊತೆಯದ್ದೋ, ಬೇರೆಯದ್ದೋ. ಈಗ ಹೊದಿಕೆ ಎಳೆದುಕೊಳ್ಳುವುದಿಲ್ಲ.

ಒಂದು ವಿಷಯ ಉಳಿಯಿತು. ತೋಟದಲ್ಲಿ ಒಂದು ತೆಂಗಿನ ಮರ ಸುಳಿ ಕೊಳೆತು ಸತ್ತು, ತಲೆ ಮುರಿದುಬಿದ್ದು, ಬರೀ ಬೊಡ್ಡೆ ನಿಂತಿತ್ತು. ಕಡಿಸಬೇಕು ಎಂದು ಮರ ಕಡಿಯುವವನಿಗೆ ಹೇಳಿ ಎರಡು ವರ್ಷವಾಗಿತ್ತು. ಅವನು ನಾಳೆ ನಾಡಿದ್ದು ಅನ್ನುತ್ತಲೇ ಇದ್ದ. ಅಷ್ಟರಲ್ಲಿ ಮರಕುಟಿಗ ಅದರಲ್ಲಿ ತೂತು ಕೊರೆಯಿತು. ಮರಕುಟಿಗ ಬಿಟ್ಟುಹೋದ ಮೇಲೆ ಒಂದು ಸಂಜೆ ಆ ತೂತಿನಲ್ಲಿ ಎರಡು ಹಳದಿ ಕಣ್ಣು ಕಂಡವು. ಹಾಲಕ್ಕಿ. ನನ್ನನ್ನು ನೋಡಿ ತಲೆಯನ್ನು ಮೇಲೆ ಕೆಳಗೆ ಕುಣಿಸಿ, ಬೈಯುವಂತೆ ಚಿರ್ ಚಿರ್ ಅಂದಿತು. ಅದಕ್ಕೆ ನಾನು ಮಾಡಿದ ಉಪಕಾರ ಏನಾದರೂ ಇದ್ದರೆ ಅದು ಆ ಕೂಲಿಯವನ ಬೆನ್ನು ಹತ್ತದೆ ಇದ್ದದ್ದು. ಈ ಸಲ ಯಾರಿಗೂ ಹೇಳಲಿಲ್ಲ.

ಮೊನ್ನೆ ಅವನು ಹೇಳದೆ ಕೇಳದೆ ಹಗ್ಗ, ಮಿಷಿನ್ ಗರಗಸ ಹೊತ್ತು ಬಂದುಬಿಟ್ಟ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಗೂಬೆ ಎಂದರೆ ಊರೆಲ್ಲ ಮತ್ತೆ ಟೀ ಅಂಗಡಿ ಕತೆ. ‘ಇವತ್ತು ದಿನ ಚೆನ್ನಾಗಿಲ್ಲಪ್ಪಾ, ಇನ್ನೊಂದೆರಡು ತಿಂಗಳು ಬಿಟ್ಟು ಬಾ’ ಎಂದು ತಡವರಿಸಿದೆ. ದಿನ ಚೆನ್ನಾಗಿಲ್ಲವಂತೆ, ನನ್ನ ಬಾಯಲ್ಲಿ! ಅವನು ನನ್ನ ಮುಖ ನೋಡಿದ. ಬೊಡ್ಡೆಯನ್ನು ಬುಡದಿಂದ ಮೇಲಿನವರೆಗೂ ನೋಡಿದ. ತೂತಿನೊಳಗೆ ಏನೋ ಅಲುಗಾಡಿತು. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು, ಬೀಡಿ ಹಚ್ಚಿದ.

‘ಒಕ್ಕಲು ಬಂದವ್ರೆ ಅಂತ ಮೊದ್ಲೇ ಹೇಳಬಾರ್ದಾ ಮೇಷ್ಟ್ರೇ?’ ಅಂದು, ಅರ್ಧ ಕೂಲಿ ಇಸಕೊಂಡು ಹೋದ.